ಸಭೆಯ ಒಪ್ಪಿಗೆ

ಸಭೆಯೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುದು ಭಾಷಣ. ಪ್ರಾರ್ಥನೆ, ಸ್ವಾಗತ, ಹಾರತುರಾಯಿ, ಅಧ್ಯಕ್ಷರ ಉಪನ್ಯಾಸ, ವಂದನಾರ್ಪಣೆ, ಇಷ್ಟನ್ನು ಮುಗಿಸಿಕೊಂಡು ಮನೆಗೆ ಬಂದರೆ ಸಭೆಗೆ ಹೋಗಿಬಂದೆವೆಂಬ ತೃಪ್ತಿ ನಮಗುಂಟಾಗುತ್ತದೆ. ಇವುಗಳ ನಡುವೆ ಒಬ್ಬರು ಎದ್ದು ಒಂದು ಕಾಗದವನ್ನು ಓದುತ್ತಾರೆ. ಇನ್ನೊಬ್ಬರು ಕುಳಿತಲ್ಲಿಂದಲೇ ‘ಅನುಮೋದಿಸುತ್ತೇನೆ’ ಎನ್ನುತ್ತಾರೆ. ಅಧ್ಯಕ್ಷರು ‘ಸರ್ವಾನುಮತದಿಂದ ಅಂಗೀಕಾರವಾಯಿತು’ ಎಂದು ಸಾರುತ್ತಾರೆ. ಎರಡು ನಿಮಿಷದ ಈ ವ್ಯವಹಾರವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಭಾಷಣವು ಗಾಳಿಯಲ್ಲಿ ಹೋಗುತ್ತದೆ; ಆ ಎರಡು ನಿಮಿಷದಲ್ಲಿ ಆದದ್ದು ಪುಸ್ತಕದಲ್ಲಿ ಉಳಿಯುತ್ತದೆ. ಸಂಘದ ಹಣ ಖರ್ಚಾಗುವುದು, ಊರಿಗೆ ನೀರು ಬರುವುದು, ಬಡವನೊಬ್ಬನಿಗೆ ಮನೆ ಮಂಜೂರಾಗುವುದು, ಒಂದು ಮಂತ್ರಿಮಂಡಲ ನಿಲ್ಲುವುದು ಅಥವಾ ಬೀಳುವುದು, ಇವೆಲ್ಲಕ್ಕೂ ಮೂಲ ಅಲ್ಲಿದೆ. ಆದುದರಿಂದ ಸಭೆಯೊಂದು ತನ್ನ ಒಪ್ಪಿಗೆಯನ್ನು ಹೇಗೆ ಕೊಡುತ್ತದೆ, ಆ ಒಪ್ಪಿಗೆ ಯಾವಾಗ ನಿಜವಾದದ್ದು, ಯಾವಾಗ ಹೆಸರಿಗೆ ಮಾತ್ರವಾದದ್ದು ಎಂಬುದನ್ನು ಈ ಹೊತ್ತು ವಿಚಾರಮಾಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇವೆ.

ವಿಚಾರವು ಬರಿಯ ತತ್ತ್ವವಾಗಿ ಉಳಿಯದಿರಲೆಂದು ಒಂದು ಊರನ್ನು ಕಣ್ಣೆದುರಿಗೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯಿಂದ ಮುಂಡಗೋಡದ ಮೇಲೆ ಶಿರಸಿಗೆ ಹೋಗುವ ದಾರಿಯಲ್ಲಿ ತಡಸವೆಂಬ ಊರಿದೆ. ಅದು ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ್ದು. ಬಯಲುಸೀಮೆ ಮುಗಿಯುತ್ತ ಮಲೆನಾಡಿನ ಸೆರಗು ತೊಡಗುವ ಪ್ರದೇಶ. 1956ರವರೆಗೆ ಈ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಆ ವರ್ಷ ವಿಶಾಲ ಮೈಸೂರನ್ನು ಸೇರಿತು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹೊಸ ಹಾವೇರಿ ಜಿಲ್ಲೆಯ ಭಾಗವಾಯಿತು. ಇಂತಹ ಊರುಗಳಲ್ಲಿ ಎರಡು ಬಗೆಯ ಸಭೆಗಳುಂಟು. ಚುನಾಯಿತರಾದ ಸದಸ್ಯರು ಕೂಡುವ ಪಂಚಾಯತಿಯ ಸಭೆ ಒಂದು. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಎಲ್ಲರೂ ಕೂಡಬಹುದಾದ ಗ್ರಾಮಸಭೆ ಇನ್ನೊಂದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯೂ, ಅದೇ ವರ್ಷದ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯೂ ಈ ಗ್ರಾಮಸಭೆಗೆ ಶಾಸನದ ಆಧಾರವನ್ನು ಒದಗಿಸಿದವು.

ಪಂಚಾಯತಿಯ ಸಭೆಗೆ ಮುಂಚಿತವಾಗಿ ಹೊರಡುವ ತಿಳುವಳಿಕೆ ಪತ್ರವನ್ನು ತೆಗೆದು ನೋಡಿದರೆ ಅದರ ಕ್ರಮ ಬಹುಮಟ್ಟಿಗೆ ಹೀಗಿರುತ್ತದೆ. ಮೊದಲು, ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ಆಮೇಲೆ, ಜಮಾಖರ್ಚಿನ ವರದಿ. ಅನಂತರ, ಬಂದ ಪತ್ರಗಳ ವಿಚಾರ. ಅದಾದಮೇಲೆ ಹೊಸ ಕಾಮಗಾರಿಗಳು. ಕಟ್ಟಕಡೆಗೆ, ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು’. ಈ ಕ್ರಮ ತಡಸಕ್ಕೆ ಮಾತ್ರ ಸೇರಿದ್ದಲ್ಲ. ನಗರದ ಸಹಕಾರ ಸಂಘ, ಕಾಲೇಜಿನ ಕನ್ನಡ ಸಂಘ, ಬ್ಯಾಂಕಿನ ಪಾಲುದಾರರ ವಾರ್ಷಿಕ ಸಭೆ, ಬೆಂಗಳೂರಿನ ವಿಧಾನಸಭೆ, ಇವುಗಳಲ್ಲಿ ಮೈಕಟ್ಟು ಬೇರೆಬೇರೆಯಾದರೂ ಒಳಗಿನ ಎಲುಬಿನ ಗೂಡು ಒಂದೇ. ಹಳ್ಳಿಯವರಿಗೆ ಇದೇನೂ ನಿನ್ನೆ ಮೊನ್ನೆ ಕಲಿತ ವಿದ್ಯೆಯಲ್ಲ. ಅದೇ ಹಳೆಯ ಧಾರವಾಡ ಜಿಲ್ಲೆಯ, ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘವು ಹುಟ್ಟಿತು; ಲೆಕ್ಕವನ್ನು ಸಭೆಯ ಮುಂದಿಟ್ಟು ಒಪ್ಪಿಸುವ ಪದ್ಧತಿ ಆ ಕಡೆಯ ಒಕ್ಕಲುಮಕ್ಕಳಿಗೆ ನೂರು ವರ್ಷಕ್ಕೂ ಮೇಲ್ಪಟ್ಟ ಪರಿಚಯ.

ಇನ್ನು ಶಬ್ದಗಳನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ‘ಹೀಗೆ ಮಾಡತಕ್ಕದ್ದು’ ಎಂದು ಸದಸ್ಯನೊಬ್ಬನು ಸಭೆಯ ಮುಂದಿಡುವ ಮಾತು ಸೂಚನೆ. ಸಭೆ ಒಪ್ಪಿದ ಮೇಲೆ ಅದೇ ಮಾತು ನಿರ್ಣಯವಾಗುತ್ತದೆ. ಹಳೆಯ ಮೈಸೂರಿನವರು ಇದನ್ನು ಗೊತ್ತುವಳಿಯೆಂದರು; ಧಾರವಾಡದ ಕಡೆಯವರು ಠರಾವು ಎಂದರು, ಈಗಲೂ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಸೂಚನೆಗೂ ನಿರ್ಣಯಕ್ಕೂ ಇರುವ ಅಂತರ ಬಿತ್ತಿದ ಕಾಳಿಗೂ ಕಣದ ರಾಶಿಗೂ ಇರುವಷ್ಟು. ಸೂಚನೆ ಒಬ್ಬನದು, ನಿರ್ಣಯ ಎಲ್ಲರದು. ಒಬ್ಬನದು ಎಲ್ಲರದಾಗುವ ಆ ದಾರಿಯನ್ನೇ ನಾವು ಸಭಾವಿಧಿಯೆಂದು ಕರೆಯುವುದು.

ಆ ದಾರಿಯಲ್ಲಿ ಕೆಲವು ಮೆಟ್ಟಿಲುಗಳಿವೆ. ವಿಷಯವು ಮೊದಲೇ ಸದಸ್ಯರಿಗೆ ತಿಳಿದಿರಬೇಕು, ಇದು ಮೊದಲನೆಯದು. ಸೂಚಕನು ತನ್ನ ಸೂಚನೆಯನ್ನು ನಿಶ್ಚಿತವಾದ ಮಾತುಗಳಲ್ಲಿ ಮಂಡಿಸಬೇಕು. ‘ಏನಾದರೂ ಮಾಡೋಣ’ ಎಂಬುದು ಹಾರೈಕೆಯೇ ಹೊರತು ಸೂಚನೆಯಲ್ಲ. ಸಂಘಸಂಸ್ಥೆಗಳಲ್ಲಿ ಅನುಮೋದಕನೊಬ್ಬನು ಬೇಕೆಂಬ ಪದ್ಧತಿಯುಂಟು. ಅನುಮೋದಕನೆಂದರೆ ಒಪ್ಪಿದವನೆಂದೇ ಅರ್ಥವಲ್ಲ. ‘ಈ ವಿಷಯ ಚರ್ಚೆಗೆ ಯೋಗ್ಯವಾದದ್ದು’ ಎಂದು ಹೇಳುವ ಎರಡನೆಯ ಧ್ವನಿ ಅದು. ಒಬ್ಬನ ಹಟಕ್ಕಾಗಿ ಇಡೀ ಸಭೆಯ ಕಾಲ ವ್ಯಯವಾಗದಿರಲೆಂದು ಈ ಏರ್ಪಾಡು. ಅನಂತರ ಚರ್ಚೆ. ಚರ್ಚೆಯಲ್ಲಿ ತಿದ್ದುಪಡಿ ಬಂದರೆ ಮೊದಲು ತಿದ್ದುಪಡಿಯ ಮೇಲೆ ಅಭಿಪ್ರಾಯ ಕೇಳಿ, ಬಳಿಕ ತಿದ್ದಿದ ಅಥವಾ ತಿದ್ದದ ಮೂಲ ಸೂಚನೆಯನ್ನು ಕೇಳಬೇಕು. ಮನೆಗೆ ಬಣ್ಣ ಬಳಿಯುವುದೇ ಎಂದು ತೀರ್ಮಾನಿಸುವ ಮೊದಲು ಯಾವ ಬಣ್ಣವೆಂದು ತಿಳಿದಿದ್ದರೆ ಒಪ್ಪುವವನಿಗೂ ಒಪ್ಪದವನಿಗೂ ಅನುಕೂಲವಷ್ಟೆ. ಕೊನೆಯಲ್ಲಿ ಅಧ್ಯಕ್ಷರು ಪ್ರಶ್ನೆಯನ್ನು ಸಭೆಗೆ ಹಾಕಿ, ಉತ್ತರವನ್ನು ಕೇಳಿ, ಫಲವನ್ನು ಸಾರುತ್ತಾರೆ. ಕಾರ್ಯದರ್ಶಿ ಅದನ್ನು ಬರೆದುಕೊಳ್ಳುತ್ತಾರೆ. ಸಾರಿದ ಮೇಲೆ ಮಾತು ಮುಗಿಯಿತು.

ಸೂಚನೆಗಳ ವಿಷಯದಲ್ಲಿ ಜನ ಎಚ್ಚರವಾಗಿರುತ್ತಾರೆ, ಜಗಳವಿರುವುದೇ ಅಲ್ಲಿ. ಎಚ್ಚರ ತಪ್ಪುವುದು ವಾಡಿಕೆಯ ವರದಿಗಳಲ್ಲಿ. ಇಲ್ಲಿ ಮೂರು ಬೇರೆಬೇರೆ ಕ್ರಿಯೆಗಳನ್ನು ನಾವು ಒಂದೇ ‘ಒಪ್ಪಿಗೆ’ ಎಂಬ ಮಾತಿನಿಂದ ಮುಚ್ಚಿಬಿಡುತ್ತೇವೆ. ಹಿಂದಿನ ಸಭೆಯ ನಡವಳಿಗೆ ಆಗುವುದು ದೃಢೀಕರಣ. ಆ ದಿನ ನಡೆದದ್ದು ಇದೇ, ಬರೆದದ್ದು ಸರಿಯಾಗಿದೆ ಎಂಬಷ್ಟೇ ಇದರ ತಾತ್ಪರ್ಯ. ಆ ದಿನದ ತೀರ್ಮಾನ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ತೀರ್ಮಾನವನ್ನು ವಿರೋಧಿಸಿದವನು ಕೂಡ ನಡವಳಿಯನ್ನು ದೃಢೀಕರಿಸಬಹುದು. ತಪ್ಪು ಬರೆದಿದ್ದರೆ ತಿದ್ದಿಸಬಹುದು. ಆದರೆ ನಡವಳಿಯ ನೆಪದಲ್ಲಿ ಹಳೆಯ ಜಗಳವನ್ನು ಮತ್ತೆ ಹೂಡಲಾಗದು. ಎರಡನೆಯದು ಸ್ವೀಕಾರ. ಸಮಿತಿಯೊಂದು ವರದಿ ತಂದಿತು, ಸಭೆ ಅದನ್ನು ಕೈಗೆ ತೆಗೆದುಕೊಂಡಿತು, ಅಷ್ಟೆ. ವರದಿಯ ಸಲಹೆಗಳಿಗೆ ಸಭೆ ಇನ್ನೂ ಬದ್ಧವಾಗಿಲ್ಲ. ಮೂರನೆಯದು ಅಂಗೀಕಾರ. ಇದಾದ ಕ್ಷಣದಿಂದ ವರದಿಯಲ್ಲಿರುವುದೆಲ್ಲ ಸಭೆಯದೇ ಮಾತು, ಸಭೆಯದೇ ಹೊಣೆ. ‘ವರದಿ ಒಪ್ಪಿಗೆಯಾಯಿತು’ ಎಂದು ಗುಮಾಸ್ತನು ಬರೆದಿಟ್ಟರೆ ಸ್ವೀಕಾರವಾಯಿತೋ ಅಂಗೀಕಾರವಾಯಿತೋ ಎಂದು ಆರು ತಿಂಗಳ ಮೇಲೆ ಯಾರು ಹೇಳಬಲ್ಲರು? ವ್ಯಾಜ್ಯಗಳು ಮೊಳೆಯುವುದು ಇಂತಹ ಬಿರುಕುಗಳಲ್ಲಿಯೇ.

ಲೆಕ್ಕದ ವಿಷಯ ಇನ್ನೂ ಸೂಕ್ಷ್ಮ. ಖಜಾಂಚಿ ತಿಂಗಳ ಜಮಾಖರ್ಚನ್ನು ಓದಿದಾಗ ಸಭೆ ಅದನ್ನು ಕೇಳಿ ಇಟ್ಟುಕೊಳ್ಳುವುದೇ ಯುಕ್ತ. ಲೆಕ್ಕ ಪರಿಶೋಧಕರು ಪುಸ್ತಕವನ್ನೂ ರಸೀತಿಗಳನ್ನೂ ಹೋಲಿಸಿ ತಮ್ಮ ವರದಿಯನ್ನು ಕೊಟ್ಟ ಮೇಲೆ ಆ ವರದಿಗೆ ಕೊಡುವ ಅಂಗೀಕಾರವೇ ನಿಜವಾದ ಒಪ್ಪಿಗೆ. ಪರಿಶೋಧನೆಗೆ ಮುಂಚೆಯೇ ‘ಲೆಕ್ಕ ಮಂಜೂರು’ ಎನ್ನುವುದು ಅಳೆಯದೆ ರಾಶಿಗೆ ರುಜು ಹಾಕಿದಂತೆ. ಕರ್ನಾಟಕದ ಪಂಚಾಯತಿಗಳಲ್ಲಿ ಜಮಾಬಂದಿಯೆಂಬ ವಾರ್ಷಿಕ ಕ್ರಮವನ್ನು ಇಟ್ಟಿರುವುದು ಈ ಕಾರಣದಿಂದ. ಹೊರಗಿನ ಅಧಿಕಾರಿಯೊಬ್ಬರು ಬಂದು, ಪುಸ್ತಕದಲ್ಲಿ ಬರೆದ ಕಾಮಗಾರಿ ನೆಲದ ಮೇಲೆ ಇದೆಯೇ ಎಂದು ಊರವರ ಎದುರಿಗೆ ತಾಳೆ ನೋಡುವುದು ಅದರ ಉದ್ದೇಶ.

ವರದಿಯನ್ನು ಓದುವುದು ಬೇರೆ, ಒಪ್ಪಿಸುವುದು ಬೇರೆ ಎಂಬುದಕ್ಕೆ ಮೈಸೂರಿನ ಚರಿತ್ರೆಯಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲಬಾರಿಗೆ ಕೂಡಿಸಿದರು. ಬಂದವರು 144 ಮಂದಿ. ಬಹುಪಾಲು ಜಮೀನುದಾರರು, ವರ್ತಕರು. ಸಂಸ್ಥಾನದ ಆದಾಯವೆಷ್ಟು, ವೆಚ್ಚವೆಷ್ಟು, ಯಾವ ಕೆಲಸಗಳಾದವು ಎಂಬ ವರದಿಯನ್ನು ದಿವಾನರು ಆ ಸಭೆಯ ಮುಂದೆ ಓದಿದರು. ಆಳುವವರು ಆಳಿಸಿಕೊಳ್ಳುವವರಿಗೆ ಲೆಕ್ಕ ಹೇಳಿದ್ದು ಆ ಕಾಲಕ್ಕೆ ಅಸಾಧಾರಣವಾದ ಸಂಗತಿ. ಆದರೆ ಆ ವರದಿಯನ್ನು ಒಪ್ಪುವ ಅಥವಾ ತಳ್ಳುವ ಅಧಿಕಾರ ಸಭಿಕರಿಗಿರಲಿಲ್ಲ. ಅವರು ಕೇಳಬಹುದಾಗಿತ್ತು, ಅಹವಾಲು ಹೇಳಬಹುದಾಗಿತ್ತು. ಹೊಸ ತೆರಿಗೆಯನ್ನು ಹಾಕುವ ಮುನ್ನ, ಹೊಸ ಶಾಸನದ ತತ್ತ್ವವನ್ನು ನಿಶ್ಚಯಿಸುವ ಮುನ್ನ ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದೆಂಬ ಹಕ್ಕು ಶಾಸನದ ಬಲದಿಂದ ದೊರಕಲು 1923ರವರೆಗೆ ಕಾಯಬೇಕಾಯಿತು. ಕೇಳುವ ಕಿವಿಯಿಂದ ಒಪ್ಪುವ ಕೈಯವರೆಗಿನ ಈ ಪಯಣಕ್ಕೆ ನಾಲ್ವತ್ತೆರಡು ವರ್ಷ ಹಿಡಿಯಿತು. ಇಂದು ಗ್ರಾಮಸಭೆಗೆ ಬರುವ ಸಾಮಾನ್ಯ ಒಕ್ಕಲಿಗನಿಗೆ ಕೇಳುವ ಹಕ್ಕೂ ಒಪ್ಪುವ ಹಕ್ಕೂ ಒಟ್ಟಿಗೆ ದೊರೆತಿವೆ. ಹೀಗೆ ಬಂದದ್ದನ್ನು ವಾಡಿಕೆಯ ಮಾತೆಂದು ತೇಲಿಸಿಬಿಡುವುದು ಯೋಗ್ಯವೇ?

ಈಗ ಪ್ರಶ್ನೆಯ ತಿರುಳಿಗೆ ಬರೋಣ. ವಾಡಿಕೆಯ ವಿಷಯಗಳನ್ನು ಒಂದೊಂದಾಗಿ ಮತಕ್ಕೆ ಹಾಕುತ್ತ ಹೋದರೆ ಸಭೆ ರಾತ್ರಿಯಾದರೂ ಮುಗಿಯದು. ಆದ್ದರಿಂದ ಲೋಕದ ಸಭೆಗಳೆಲ್ಲ ಒಂದು ಒಳದಾರಿಯನ್ನು ಕಂಡುಕೊಂಡಿವೆ. ‘ಆಕ್ಷೇಪಣೆ ಉಂಟೆ?’ ಎಂದು ಅಧ್ಯಕ್ಷರು ಕೇಳುತ್ತಾರೆ. ಯಾರೂ ಮಾತಾಡದಿದ್ದರೆ ಒಪ್ಪಿಗೆಯಾಯಿತೆಂದು ಭಾವಿಸುತ್ತಾರೆ. ಮೌನಂ ಸಮ್ಮತಿಲಕ್ಷಣಂ ಎಂದು ನಮ್ಮವರು ಹೇಳುತ್ತ ಬಂದದ್ದೂ ಇದೇ. ಅಮೆರಿಕದ ಸೈನ್ಯದ ಎಂಜಿನಿಯರಾಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬಾತನು ನ್ಯೂ ಬೆಡ್‌ಫರ್ಡ್ ಪಟ್ಟಣದಲ್ಲಿ ಒಂದು ಸಭೆಯ ಅಧ್ಯಕ್ಷತೆ ವಹಿಸಿ, ಅದು ಕೈಮೀರಿ ಗದ್ದಲವಾದುದರಿಂದ ನೊಂದು, ಸಭಾವಿಧಿಯನ್ನು ಅಭ್ಯಾಸಮಾಡಿ 1876ರಲ್ಲಿ ಒಂದು ಕೈಪಿಡಿಯನ್ನು ಅಚ್ಚುಹಾಕಿಸಿದನು. ಇಂಗ್ಲಿಷ್ ಬಲ್ಲ ದೇಶಗಳ ಸಂಘಸಂಸ್ಥೆಗಳಲ್ಲಿ ಅದಕ್ಕೆ ಬಹಳ ಮನ್ನಣೆ. ಈ ಪರಂಪರೆಯಲ್ಲಿ ನಡೆಯುವ ಅನೇಕ ಸಭೆಗಳು ನಡವಳಿ, ಮಾಮೂಲು ವರದಿ, ವಿವಾದವಿಲ್ಲದ ಮಂಜೂರಾತಿ ಇವುಗಳನ್ನೆಲ್ಲ ಒಂದೇ ಪಟ್ಟಿಯಾಗಿ ಕಟ್ಟಿ, ಒಂದೇ ಮಾತಿನಿಂದ ಒಪ್ಪಿಬಿಡುತ್ತವೆ. ಆದರೆ ಅಲ್ಲಿ ಒಂದು ಕಟ್ಟುಪಾಡಿದೆ. ಸದಸ್ಯರಲ್ಲಿ ಯಾವನಾದರೂ ಒಬ್ಬನು ‘ಮೂರನೆಯ ವಿಷಯವನ್ನು ಪಟ್ಟಿಯಿಂದ ಬಿಡಿಸಿ’ ಎಂದರೆ ಸಾಕು. ಕಾರಣವನ್ನು ಕೇಳದೆ ಅದನ್ನು ಬಿಡಿಸಿ ಬೇರೆಯಾಗಿ ಚರ್ಚಿಸಬೇಕು. ನೂರು ಜನರ ಮೌನವನ್ನು ಒಬ್ಬನ ಒಂದು ಮಾತು ತಡೆಯಬಲ್ಲುದಾದರೆ ಮಾತ್ರ ಆ ಮೌನಕ್ಕೆ ಸಮ್ಮತಿಯೆಂಬ ಹೆಸರು ಸಲ್ಲುತ್ತದೆ. ನಮ್ಮ ವಾದವೆಲ್ಲ ಇದೊಂದೇ ವಾಕ್ಯದಲ್ಲಿ ಅಡಗಿದೆಯೆಂದು ಹೇಳಬಹುದು.

ಶಾಸನಸಭೆಗಳಲ್ಲಿರುವ ಧ್ವನಿಮತವೂ ಇದೇ ಜಾತಿಯದು. ಪರವಾಗಿರುವವರು ‘ಹೌದು’ ಎನ್ನಲಿ, ವಿರೋಧವಾಗಿರುವವರು ‘ಇಲ್ಲ’ ಎನ್ನಲಿ ಎಂದು ಸಭಾಧ್ಯಕ್ಷರು ಕೇಳಿ, ಯಾವ ಕೂಗು ಹೆಚ್ಚೆಂದು ತಮಗೆ ತೋರುವುದೋ ಅದನ್ನು ಹೇಳುತ್ತಾರೆ. ಅದನ್ನು ಒಪ್ಪದವರು ಎಣಿಕೆಯಾಗಲೆಂದು ಕೇಳಬಹುದು. ಸಂವಿಧಾನದ 189ನೆಯ ವಿಧಿಯಂತೆ ರಾಜ್ಯದ ಶಾಸನಸಭೆಯಲ್ಲಿ ಹಾಜರಿದ್ದು ಮತ ಕೊಟ್ಟವರ ಬಹುಮತವೇ ಸಾಮಾನ್ಯವಾಗಿ ತೀರ್ಮಾನ. ಸಮಸಮವಾದರೆ ಸಭಾಧ್ಯಕ್ಷರ ನಿರ್ಣಾಯಕ ಮತ. ಇಲ್ಲಿ ಒಂದು ಸ್ವಾರಸ್ಯವಾದ ಭೇದವನ್ನು ಗಮನಿಸಬೇಕು. ‘ಆಕ್ಷೇಪಣೆ ಉಂಟೆ?’ ಎಂದು ಕೇಳುವಾಗ ಸುಮ್ಮನಿದ್ದವನು ಒಪ್ಪಿದವರ ಲೆಕ್ಕಕ್ಕೆ ಸೇರುತ್ತಾನೆ. ತಲೆ ಎಣಿಸುವಾಗ ಸುಮ್ಮನಿದ್ದವನು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಮೌನವು ಒಂದು ಕಡೆ ಮತ, ಇನ್ನೊಂದು ಕಡೆ ಸೊನ್ನೆ.

ಕರ್ನಾಟಕದ ವಿಧಾನಸಭೆಯೇ ಇದಕ್ಕೆ ಸಾಕ್ಷಿಯಾಗಿದೆ. 2010ರ ಅಕ್ಟೋಬರ್ 11ರಂದು ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ವಿಶ್ವಾಸದ ಸೂಚನೆಯು ದೊಡ್ಡ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕೃತವಾಯಿತೆಂದು ಸಾರಲಾಯಿತು. ಎಣಿಕೆಯಿಲ್ಲದ ಆ ಫಲವನ್ನು ವಿರೋಧಪಕ್ಷಗಳು ಒಪ್ಪಲಿಲ್ಲ. ರಾಜ್ಯಪಾಲರು ಮತ್ತೊಮ್ಮೆ ಬಹುಮತವನ್ನು ತೋರಿಸಬೇಕೆಂದರು. ಅಕ್ಟೋಬರ್ 14ರಂದು ತಲೆಗಳನ್ನು ಎಣಿಸಲಾಗಿ ಪರವಾಗಿ 106, ವಿರೋಧವಾಗಿ 100 ಮತಗಳು ಬಂದವು. ಫಲ ಬದಲಾಗಲಿಲ್ಲ, ಆದರೆ ಮೂರು ದಿನಗಳ ಹಿಂದೆ ಗದ್ದಲವಾಗಿದ್ದದ್ದು ಈಗ ಸಂಖ್ಯೆಯಾಯಿತು. ಮೊದಲನೆಯ ದಿನದ ಸಭೆಗೆ ಮುಂಚೆಯೇ ಅನರ್ಹರೆನಿಸಿಕೊಂಡ 16 ಮಂದಿ ಶಾಸಕರು ಈ ಎಣಿಕೆಯಲ್ಲಿ ಸೇರಿರಲಿಲ್ಲ. ಆ ಅನರ್ಹತೆಯನ್ನು ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ರದ್ದುಮಾಡಿತು. ಎಣಿಸಿದರೆ ಸಾಲದು, ಎಣಿಕೆಗೆ ಅರ್ಹರಾದವರೆಲ್ಲ ಒಳಗಿರಬೇಕು ಎಂಬ ಎರಡನೆಯ ಪಾಠವನ್ನೂ ಆ ಪ್ರಕರಣ ಕಲಿಸಿತು.

ಹಾಗೆಂದು ಧ್ವನಿಮತವೇ ದೋಷವೆಂದು ತಿಳಿಯಬಾರದು. 2019ರ ಜುಲೈ 23ರಂದು ಎಚ್. ಡಿ. ಕುಮಾರಸ್ವಾಮಿಯವರ ವಿಶ್ವಾಸದ ಸೂಚನೆಯನ್ನು ಸಾಲುಸಾಲಾಗಿ ಎಣಿಸಲಾಯಿತು. 99ಕ್ಕೆ ಪ್ರತಿಯಾಗಿ 105 ಮತಗಳಿಂದ ಅದು ಬಿದ್ದುಹೋಯಿತು. ಆ ದಿನ ಸುಮಾರು ಇಪ್ಪತ್ತು ಮಂದಿ ಸದನಕ್ಕೆ ಬಂದಿರಲಿಲ್ಲ. ಬಾರದವರ ಸೊನ್ನೆಯೇ ಬಂದವರ ಸಂಖ್ಯೆಯನ್ನು ನಿರ್ಧರಿಸಿತು. ಇದಾದ ಆರೇ ದಿನಗಳಲ್ಲಿ, ಜುಲೈ 29ರಂದು, ಅದೇ ಸದನದಲ್ಲಿ ಯಡಿಯೂರಪ್ಪನವರ ಹೊಸ ಸರ್ಕಾರದ ವಿಶ್ವಾಸದ ಸೂಚನೆ ಧ್ವನಿಮತದಿಂದಲೇ ಅಂಗೀಕಾರವಾಯಿತು. ವಿರೋಧಪಕ್ಷದವರು ಎಣಿಕೆಗೆ ಒತ್ತಾಯಿಸಲಿಲ್ಲ. ಒಂದೇ ವಾರದಲ್ಲಿ, ಒಂದೇ ಸದನದಲ್ಲಿ ಎರಡು ವಿಧಾನಗಳು ನಡೆದವು, ಎರಡೂ ಸರಿಯೇ. ಎಣಿಕೆ ಕೇಳಿದಲ್ಲಿ ಎಣಿಸಿದರು, ಕೇಳದಲ್ಲಿ ಧ್ವನಿಯನ್ನೇ ನಂಬಿದರು. ಕೇಳಿದರೂ ಎಣಿಸದಿರುವುದು ಮಾತ್ರ ದೋಷ.

ಈ ತತ್ತ್ವವು ನಮ್ಮ ದೇಶದ ಸಂವಿಧಾನದ ಚರಿತ್ರೆಯಲ್ಲಿ ಸ್ಥಿರವಾಗಿ ನಿಂತದ್ದು ತಡಸದ ನೆರೆಹೊರೆಯವರೇ ಆದ ಒಬ್ಬರ ಹೆಸರಿನಲ್ಲಿ ಎಂಬುದು ಸ್ಮರಣೀಯ. ಶಿಗ್ಗಾಂವಿ ಸವಣೂರು ಸೀಮೆಯ ಕಾರಡಗಿಯಲ್ಲಿ ಹುಟ್ಟಿದ ಎಸ್. ಆರ್. ಬೊಮ್ಮಾಯಿಯವರು 1988ರಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲಿನಲ್ಲಿ ಶಾಸಕರು ಕೆಲವರು ಬೆಂಬಲವನ್ನು ಹಿಂತೆಗೆದುಕೊಂಡೆವೆಂದು ಬರೆದ ಪತ್ರಗಳು ರಾಜ್ಯಪಾಲರನ್ನು ತಲಪಿದವು; ಅವರಲ್ಲಿ ಕೆಲವರು ಆಮೇಲೆ ತಮ್ಮ ಮಾತನ್ನು ಬದಲಿಸಿಯೂ ಬರೆದರು. ಸದನವನ್ನು ಕೂಡಿಸಿ, ತಮಗೆ ಬಹುಮತ ಇದೆಯೋ ಇಲ್ಲವೋ ಅಲ್ಲಿಯೇ ನೋಡಿರೆಂದು ಬೊಮ್ಮಾಯಿಯವರು ಕೇಳಿಕೊಂಡರು. ಅದಕ್ಕೆ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಐದು ವರ್ಷಗಳ ತರುವಾಯ, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪು ಹೇಳಿತು. ಮಂತ್ರಿಮಂಡಲದ ಬಲಾಬಲವನ್ನು ಪರೀಕ್ಷಿಸತಕ್ಕ ಸ್ಥಳ ಸದನವೇ ಹೊರತು ಮತ್ತೊಬ್ಬರ ಖಾಸಗಿ ಅಭಿಪ್ರಾಯವಲ್ಲ ಎಂಬುದು ಅದರ ಸಾರಗಳಲ್ಲೊಂದು. ಸಭೆಯ ಒಪ್ಪಿಗೆಯನ್ನು ಸಭೆಯ ಹೊರಗೆ ಊಹಿಸಬಾರದು. ಕೂಡಿದ ಸಭೆಯನ್ನೇ ಕೇಳಿ ತಿಳಿಯಬೇಕು. ವಿಧಾನಸಭೆಗೆ ಸಲ್ಲುವ ಈ ಮಾತು ಪಂಚಾಯತಿಯ ಚಾವಡಿಗೆ ಸಲ್ಲದೆ?

ಮತ್ತೆ ಗ್ರಾಮಸಭೆಗೆ ಬರೋಣ. ಅಲ್ಲಿ ಮಂತ್ರಿಮಂಡಲ ಬೀಳುವುದಿಲ್ಲ; ಆದರೆ ಮನೆಯಿಲ್ಲದವರ ಪಟ್ಟಿ ಓದಲ್ಪಡುತ್ತದೆ. ವಸತಿ ಯೋಜನೆಗಳ ಫಲಾನುಭವಿಗಳನ್ನು ಗ್ರಾಮಸಭೆಯ ಮುಂದೆ ಆರಿಸಬೇಕೆಂಬ ಪದ್ಧತಿಯಿರುವುದರಿಂದ, ಆ ಪಟ್ಟಿಗೆ ಸಭೆ ಕೊಡುವ ಒಪ್ಪಿಗೆಯೇ ಒಂದು ಕುಟುಂಬದ ತಲೆಯ ಮೇಲಿನ ಸೂರು. ಹೆಸರುಗಳನ್ನು ಅವಸರದಿಂದ ಓದಿ, ‘ಎಲ್ಲರಿಗೂ ಒಪ್ಪಿಗೆಯಷ್ಟೆ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ವಿಷಯಕ್ಕೆ ಹೋದರೆ ಆಗುವ ಅನ್ಯಾಯ ಚಿಕ್ಕದಲ್ಲ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತ ಹೆಂಗಸಿಗೆ ಓದಿದ್ದು ಕೇಳಿಸಿತೆ? ದಿನಗೂಲಿಯನ್ನು ಬಿಟ್ಟು ಬರಲಾರದವನ ಹೆಸರು ಬಿಟ್ಟುಹೋಗಿದ್ದರೆ ಅವನ ಪರವಾಗಿ ಕೇಳುವವರು ಯಾರು? ಇಲ್ಲಿರುವ ಮೌನಕ್ಕೆ ಅನೇಕ ಮೂಲಗಳುಂಟು. ತಿಳಿದು ಒಪ್ಪಿದವನ ಮೌನ ಒಂದು, ತಿಳಿಯದವನ ಮೌನ ಒಂದು, ಅಂಜಿದವನ ಮೌನ ಒಂದು, ಬೇಸತ್ತವನ ಮೌನ ಮತ್ತೊಂದು. ನಡವಳಿಯ ಪುಸ್ತಕದಲ್ಲಿ ಇವು ನಾಲ್ಕೂ ‘ಸರ್ವಾನುಮತ’ವೆಂದೇ ಬರೆಯಲ್ಪಡುತ್ತವೆ.

ಕಾನೂನು ಇದನ್ನು ಅರಿಯದೆ ಇಲ್ಲ. ಗ್ರಾಮಸಭೆಗೆ ಇಷ್ಟು ಜನ ಬಂದಲ್ಲದೆ ಸಭೆ ನಡೆಯದೆಂಬ ಕೋರಮಿನ ನಿಯಮವಿದೆ. ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಮಂದಿ, ಯಾವುದು ಕಡಮೆಯೋ ಅಷ್ಟು. ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟಾದರೂ ಸ್ತ್ರೀಯರಿರಬೇಕೆಂದೂ ಹೇಳಿದೆ. ಊರೆಲ್ಲ ಒಟ್ಟಿಗೆ ಸೇರುವ ಮೊದಲು ವಾರ್ಡಿಗೊಂದರಂತೆ ಸಣ್ಣ ಸಭೆಗಳನ್ನು ನಡೆಸಬೇಕೆಂಬುದು ಮತ್ತೊಂದು ಏರ್ಪಾಡು. ನೂರು ಜನರ ಎದುರು ಬಾಯಿ ತೆರೆಯಲಾರದವರು ಇಪ್ಪತ್ತು ಜನರ ನಡುವೆ ಮಾತಾಡಿಯಾರೆಂಬ ವಿವೇಕ ಇದರಲ್ಲಿದೆ. ಆದರೆ ಕೋರಂ ಎಂಬುದು ತಲೆಗಳ ಲೆಕ್ಕ, ಗಮನದ ಲೆಕ್ಕವಲ್ಲ. ಹಾಜರಿ ಪುಸ್ತಕಕ್ಕೆ ರುಜು ಹಾಕಿ ಹೊರಟುಹೋದವನನ್ನು ಯಾವ ಕಾಯಿದೆಯೂ ಸಭೆಯಲ್ಲಿ ಕೂರಿಸಲಾರದು.

ಎಲ್ಲ ಒಪ್ಪಿಗೆಗೂ ಒಂದೇ ತೂಕದ ವಿಧಿ ಬೇಕೆಂದೂ ನಾವು ಹೇಳುವುದಿಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸಮ್ಮೇಳನದ ಬಹಿರಂಗ ಅಧಿವೇಶನದಲ್ಲಿ ನಿರ್ಣಯಗಳನ್ನು ಓದಿ ಸಭಿಕರ ಸಮ್ಮತಿಯನ್ನು ಪಡೆಯುವುದು ಬಹುಕಾಲದ ಸಂಪ್ರದಾಯ. ಅವು ನಾಡಿನ ಹಾರೈಕೆಗಳು. ಸರ್ಕಾರಕ್ಕೆ ಮಾಡುವ ಒತ್ತಾಯಗಳು. ಅಲ್ಲಿ ಕರತಾಡನದ ಒಪ್ಪಿಗೆ ಸಾಕು. ಯಾರ ಗಂಟೂ ಅದರಿಂದ ಕರಗುವುದಿಲ್ಲ, ಯಾರ ಮನೆಯೂ ತಪ್ಪುವುದಿಲ್ಲ. ನಡವಳಿಯ ದೃಢೀಕರಣಕ್ಕೆ ‘ಆಕ್ಷೇಪಣೆ ಉಂಟೆ?’ ಎಂಬ ಪ್ರಶ್ನೆ ಸಾಕು. ಹಣ ಮಂಜೂರಾತಿಗೆ ಕೈಯೆತ್ತಿಸಿ ನೋಡುವುದು ಲೇಸು. ವ್ಯಕ್ತಿಗಳ ಆಯ್ಕೆಗೆ ಗುಪ್ತಮತವೇ ಕ್ಷೇಮ; ನೆರೆಯವನ ಮುಖ ನೋಡಿ ಕೈಯೆತ್ತುವ ದಾಕ್ಷಿಣ್ಯ ಅಲ್ಲಿ ಅಡ್ಡಬರಬಾರದು. ಒಪ್ಪಿಗೆಯಿಂದ ಯಾರಿಗೆ ಎಷ್ಟು ಲಾಭನಷ್ಟವೋ ಅದಕ್ಕೆ ತಕ್ಕಷ್ಟು ಬಿಗಿಯಾದ ವಿಧಾನ ಬೇಕೆಂಬುದೇ ಇದರ ಸೂತ್ರ.

ಹೀಗಿರುವಲ್ಲಿ, ಒಪ್ಪಿಗೆಯನ್ನು ನಿಜವಾಗಿಸುವ ಹೊಣೆ ಮೂವರದು. ಕಾರ್ಯದರ್ಶಿಯು ಕಾಗದಗಳನ್ನು ಮುಂಚಿತವಾಗಿ ತಲಪಿಸಬೇಕು; ಸಭೆಯ ದಿನವೇ ಕೈಗೆ ಬಂದ ಐವತ್ತು ಪುಟದ ವರದಿಯನ್ನು ಯಾರೂ ಓದಲಾರರು. ಓದದ ವರದಿಗೆ ಕೊಟ್ಟ ಒಪ್ಪಿಗೆ ಕಣ್ಣುಕಟ್ಟಿ ಹಾಕಿಸಿದ ರುಜು. ಆತನು ನಡವಳಿಯಲ್ಲಿ ಸ್ವೀಕಾರ, ಅಂಗೀಕಾರ, ದೃಢೀಕರಣ ಎಂಬ ಮಾತುಗಳನ್ನು ಅರಿತು ಬಳಸಬೇಕು. ಸೂಚಕರು ಯಾರು, ಅನುಮೋದಕರು ಯಾರು, ಎಣಿಕೆಯಾಗಿದ್ದರೆ ಎಷ್ಟಕ್ಕೆಷ್ಟು ಎಂಬುದನ್ನು ಬರೆಯಬೇಕು. ವಿರೋಧಿಸಿದವನು ಕೇಳಿದರೆ ಅವನ ವಿರೋಧವನ್ನೂ ಬರೆಯಬೇಕು. ‘ಇತರ ವಿಷಯಗಳು’ ಎಂಬ ಕೊನೆಯ ಬಾಗಿಲಿನಿಂದ ಹಣದ ವಿಷಯಗಳು ನುಸುಳದಂತೆ ನೋಡಿಕೊಳ್ಳಬೇಕು. ಅರ್ಧ ಸಭೆ ಎದ್ದುಹೋದ ಮೇಲೆ ತೆರೆಯುವ ಬಾಗಿಲು ಅದು.

ಅಧ್ಯಕ್ಷರ ಹೊಣೆ ಕಾಯುವುದು. ‘ಆಕ್ಷೇಪಣೆ ಉಂಟೆ?’ ಎಂಬ ಪ್ರಶ್ನೆಗೂ ‘ಅಂಗೀಕಾರವಾಯಿತು’ ಎಂಬ ಉತ್ತರಕ್ಕೂ ನಡುವೆ ಒಬ್ಬ ಸಂಕೋಚದ ಮನುಷ್ಯನು ಎದ್ದುನಿಲ್ಲುವಷ್ಟು ಹೊತ್ತು ಇರಬೇಕು. ಈ ಎರಡು ವಾಕ್ಯಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಅಧ್ಯಕ್ಷನು ಸಭೆಯನ್ನು ಕೇಳಿದಂತಾಗಲಿಲ್ಲ. ಸಭೆಗೆ ಸುದ್ದಿ ತಿಳಿಸಿದಂತಾಯಿತು. ಯಾರಾದರೂ ಎಣಿಕೆ ಕೇಳಿದರೆ ಅದನ್ನು ತನ್ನ ಮೇಲಿನ ಅಪನಂಬಿಕೆಯೆಂದು ಭಾವಿಸದೆ ಎಣಿಸಬೇಕು. ಬಲವುಳ್ಳ ಪಕ್ಷಕ್ಕೆ ಎಣಿಕೆಯಿಂದ ನಷ್ಟವೇನೂ ಇಲ್ಲ. ಬಲವಿಲ್ಲದ ಪಕ್ಷಕ್ಕೆ ಗದ್ದಲದಿಂದ ಬಂದ ಜಯ ಬಹುಕಾಲ ನಿಲ್ಲುವುದಿಲ್ಲ.

ಸದಸ್ಯರ ಹೊಣೆ ಎಲ್ಲಕ್ಕಿಂತ ದೊಡ್ಡದು. ಆದರೆ ಅದನ್ನು ನಾವು ಬಹಳ ಹಗುರವಾಗಿ ಕಾಣುತ್ತೇವೆ. ವಿದ್ಯಾವಂತರಾದ ನಗರವಾಸಿಗಳು ಇದರಲ್ಲಿ ಹಳ್ಳಿಯವರಿಗಿಂತ ಮೇಲೆಂದು ಹೇಳುವಂತಿಲ್ಲ. ಬಡಾವಣೆಯ ಸಂಘ, ಗೃಹನಿರ್ಮಾಣದ ಸಹಕಾರ ಸಂಘ, ಶಾಲೆಯ ಪೋಷಕರ ಸಭೆ, ಇವುಗಳ ವಾರ್ಷಿಕ ವರದಿಯನ್ನು ತೆರೆದು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಓದದೆ ಒಪ್ಪುತ್ತೇವೆ; ಹಣ ಪೋಲಾದ ಮೇಲೆ ಆಡಳಿತ ಮಂಡಲಿಯನ್ನು ದೂರುತ್ತೇವೆ. ಆದರೆ ಪುಸ್ತಕವನ್ನು ತೆರೆದರೆ ಅಲ್ಲಿ ‘ಸರ್ವಾನುಮತ’ವೆಂದಿದೆ, ಆ ಸರ್ವರಲ್ಲಿ ನಾವೂ ಒಬ್ಬರು. ಪ್ರಶ್ನೆ ಕೇಳುವುದನ್ನು ನಮ್ಮಲ್ಲಿ ಜಗಳಗಂಟಿತನವೆಂದು ಬಗೆಯುತ್ತಾರೆ. ‘ಈ ಬಾಬಿನಲ್ಲಿ ಕಳೆದ ವರ್ಷಕ್ಕಿಂತ ವೆಚ್ಚ ಏಕೆ ಹೆಚ್ಚಾಯಿತು?’ ಎಂದು ಮರ್ಯಾದೆಯಿಂದ ಕೇಳಿದವನು ಸಭೆಗೆ ಉಪಕಾರವನ್ನೇ ಮಾಡಿರುತ್ತಾನೆ. ಉತ್ತರ ಸರಿಯಾಗಿದ್ದರೆ ಆಡಳಿತ ನಡೆಸುವವರ ಗೌರವ ಹೆಚ್ಚುತ್ತದೆ; ಸರಿಯಿಲ್ಲದಿದ್ದರೆ ಸಂಘದ ಹಣ ಉಳಿಯುತ್ತದೆ. ಪ್ರಾಮಾಣಿಕನಾದ ಕಾರ್ಯದರ್ಶಿಗೆ ಪ್ರಶ್ನೆಗಿಂತ ಒಳ್ಳೆಯ ರಕ್ಷಣೆಯಿಲ್ಲ.

ಸಭಾವಿಧಿಯು ಒಣ ನಿಯಮಗಳ ಕಂತೆಯೆಂದು ತೋರುವುದುಂಟು. ವಾಸ್ತವವಾಗಿ ಅದು ಅಪರಿಚಿತರಾದ ಅನೇಕರು ಒಬ್ಬರನ್ನೊಬ್ಬರು ನಂಬಿ ಕೂಡಿ ಬಾಳುವುದಕ್ಕಾಗಿ ಮಾಡಿಕೊಂಡ ಕರಾರು. ಬಹುಮತಕ್ಕೆ ತನ್ನ ಕೆಲಸ ಸಾಗಬೇಕು, ಅಲ್ಪಮತಕ್ಕೆ ತನ್ನ ಮಾತು ಕೇಳಿಸಬೇಕು, ಬಾರದವರಿಗೆ ನಡೆದದ್ದು ತಿಳಿಯಬೇಕು. ಈ ಮೂರೂ ಒಂದೇ ಹೊತ್ತಿಗೆ ಸಿದ್ಧಿಸುವುದು ವಿಧಿಯಿಂದ. ಮೌನವು ಈ ಕರಾರಿನ ಒಂದು ಅಂಗ. ಓದಿ, ತಿಳಿದು, ಬೇಕಾದರೆ ಮಾತಾಡಬಹುದೆಂಬ ಧೈರ್ಯವಿದ್ದೂ ಸುಮ್ಮನಿರುವವನ ಮೌನವು ಬೆಲೆಯುಳ್ಳದ್ದು. ಸಭೆ ಅದರ ಮೇಲೆ ಮನೆ ಕಟ್ಟಬಹುದು. ಉಳಿದ ಮೌನಗಳೆಲ್ಲ ಜೌಗುನೆಲ. ಅಧ್ಯಕ್ಷರು ಮುಂದಿನ ಸಾರಿ ‘ಆಕ್ಷೇಪಣೆ ಉಂಟೆ?’ ಎಂದು ಕೇಳಿದಾಗ ನಾವು ಸುಮ್ಮನಿರುವುದಾದರೆ, ಅದು ನಾವೇ ಆರಿಸಿಕೊಂಡ ಮೌನವಾಗಿರಲಿ.